ಟಂಕದ ಮೇಲಿನ ಉಳಿಗುರುತು

ನಮ್ಮ ಇತಿಹಾಸದ ಪುಸ್ತಕಗಳಲ್ಲಿ ನಾಣ್ಯಕ್ಕೆ ಜಾಗ ಸಿಗುವುದು ಅಧ್ಯಾಯದ ಕೊನೆಯಲ್ಲಿ. ಯುದ್ಧ, ಆಡಳಿತ, ಧರ್ಮ, ಸಾಹಿತ್ಯ, ಶಿಲ್ಪ ಎಲ್ಲ ಮುಗಿದ ಮೇಲೆ ಅರ್ಧ ಪುಟ. ಲೋಹ ಯಾವುದು, ತೂಕ ಎಷ್ಟು, ಮುಂಬದಿಯಲ್ಲಿ ಏನಿದೆ, ಹಿಂಬದಿಯಲ್ಲಿ ಏನಿದೆ. ಹೊಯ್ಸಳ ಗುಡಿಯ ಒಂದು ಭುವನೇಶ್ವರಿಯ ಬಗ್ಗೆ ನಾಲ್ಕು ಪುಟ ಬರೆಯುವ ಲೇಖಕರು ಅದೇ ದೊರೆಯ ನಾಣ್ಯದ ಹತ್ತಿರ ಬಂದಾಗ "ಸಿಂಹದ ಚಿತ್ರವಿದೆ" ಎಂದು ಹೇಳಿ ಮುಂದೆ ಹೋಗುತ್ತಾರೆ. ಗುಡಿ ಕಲೆ, ನಾಣ್ಯ ದಾಖಲೆ. ಈ ವಿಂಗಡಣೆ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ನಾಣ್ಯವನ್ನು ಒಂದು ಕೃತಿಯಂತೆ ವಿಮರ್ಶೆ ಮಾಡಬಹುದು ಎಂದರೆ ಕೇಳುವವರಿಗೆ ತಮಾಷೆ ಅನ್ನಿಸೀತು.

ಆದರೂ ಅದನ್ನೇ ಇಲ್ಲಿ ಮಾಡಲು ಹೊರಟಿದ್ದೇನೆ. ಆರಿಸಿಕೊಂಡಿರುವುದು 14 ಮತ್ತು 15ನೆಯ ಶತಮಾನದ ಬಂಗಾಳದ ಬೆಳ್ಳಿ ಟಂಕಗಳನ್ನು. ಆಯ್ಕೆಗೆ ಕಾರಣ ಸರಳ. ಹೌರಾದಲ್ಲಿ ಬದುಕುವ ಕನ್ನಡಿಗರ ಕಿವಿಗೆ ದಿನಕ್ಕೆ ನೂರು ಸಲ ಬೀಳುವ ಪದ "ಟಾಕಾ". ನಾವು ರೂಪಾಯಿ ಅನ್ನುವ ಕಡೆಯಲ್ಲೆಲ್ಲ ಇವರು ಟಾಕಾ ಅನ್ನುತ್ತಾರೆ. ಪಕ್ಕದ ಒಡಿಶಾದಲ್ಲಿ ಅದು ಟಂಕಾ. ಕನ್ನಡದಲ್ಲಿ ಇದೇ ಪದ ದುಡ್ಡಿನಿಂದ ಜಾರಿ ಟಂಕಸಾಲೆಯಲ್ಲಿ, ಟಂಕಿಸು ಎಂಬ ಕ್ರಿಯಾಪದದಲ್ಲಿ ಉಳಿದುಕೊಂಡಿದೆ. ಜೇಬಿನಲ್ಲಿರುವ ಯಾವುದೇ ನೋಟು ತೆಗೆದು ಹಿಂಬದಿಯ ಭಾಷಾಪಟ್ಟಿ ನೋಡಿ: ಹದಿನೈದು ಭಾಷೆಗಳಲ್ಲಿ ಬಂಗಾಳಿಯದು ಎರಡನೆಯ ಸಾಲು, ಕನ್ನಡದ್ದು ನಾಲ್ಕನೆಯದು. ಒಂದೇ ಮೊತ್ತ, ಅಲ್ಲಿ ಟಾಕಾ, ಇಲ್ಲಿ ರೂಪಾಯಿ. ಸುಲ್ತಾನರು ಹೋದರು, ಅವರ ನಾಣ್ಯದ ಹೆಸರು ಮಾತ್ರ ಮೀನು ಮಾರುವವರ ಬಾಯಲ್ಲಿ ಇನ್ನೂ ಚಲಾವಣೆಯಲ್ಲಿದೆ.

ಮೊದಲು ಈ ಕೃತಿ ಹೇಗೆ ತಯಾರಾಗುತ್ತಿತ್ತು ಎಂಬುದನ್ನು ನೋಡೋಣ. ಸುತ್ತಿಗೆಯಿಂದ ಹೊಡೆದ ನಾಣ್ಯ ಎಂದರೆ ಎರಡು ಅಚ್ಚುಗಳ ನಡುವೆ ಸಿಕ್ಕಿಬಿದ್ದ ಬೆಳ್ಳಿಯ ಬಿಲ್ಲೆ. ಕೆಳಗಿನ ಅಚ್ಚು ಗಟ್ಟಿಯಾಗಿ ಕೂತಿರುತ್ತದೆ, ಮೇಲಿನದನ್ನು ಕೈಯಲ್ಲಿ ಹಿಡಿಯಬೇಕು. ನಡುವೆ ತೂಕ ಸರಿಮಾಡಿದ ಬಿಲ್ಲೆ ಇಟ್ಟು ಮೇಲಿನಿಂದ ಸುತ್ತಿಗೆಯ ಏಟು. ಅಕ್ಬರನ ಕಾಲದ ಟಂಕಸಾಲೆಯಲ್ಲಿ ಈ ಕೆಲಸಗಳೆಲ್ಲ ಯಾರ ಯಾರ ಪಾಲಿಗೆ ಹಂಚಿದ್ದವು ಎಂದು ಅಬುಲ್ ಫಜಲ್ "ಐನ್-ಇ-ಅಕ್ಬರಿ"ಯಲ್ಲಿ ಪಟ್ಟಿ ಮಾಡಿದ್ದಾನೆ: ಕರಗಿಸುವವನು, ತೂಗುವವನು, ಬಿಲ್ಲೆ ಕತ್ತರಿಸುವವನು, ಅಚ್ಚು ಕೊರೆಯುವವನು, ಬಿಲ್ಲೆಯನ್ನು ಅಚ್ಚುಗಳ ನಡುವೆ ಇಡುವ ಸಿಕ್ಕಚಿ, ಏಟು ಹಾಕುವವನು. ಉಕ್ಕಿನ ಮೇಲೆ ಅಕ್ಷರ ಕೊರೆಯುತ್ತಿದ್ದ ದೆಹಲಿಯ ಮೌಲಾನಾ ಅಲಿ ಅಹ್ಮದ್‌ನನ್ನು ಅವನು ಹೆಸರು ಹಿಡಿದು ಹೊಗಳುತ್ತಾನೆ. ಬಂಗಾಳದ ಸುಲ್ತಾನರ ಟಂಕದಲ್ಲಿ ದೊರೆಯ ಹೆಸರಿದೆ, ಅವನ ಅಪ್ಪನ ಹೆಸರಿದೆ, ಅಚ್ಚು ಕೊರೆದವನ ಹೆಸರಿಲ್ಲ.

ಈ ವಿಧಾನದಿಂದ ಎರಡು ಪರಿಣಾಮಗಳು ಹುಟ್ಟುತ್ತವೆ. ಒಂದು, ಯಾವ ಎರಡು ನಾಣ್ಯಗಳೂ ಒಂದೇ ಥರ ಇರುವುದಿಲ್ಲ. ಅಚ್ಚು ಒಂದೇ, ಏಟು ಬೇರೆ. ಒಂದರಲ್ಲಿ ಬರಹ ಎಡಕ್ಕೆ ಸರಿದಿರುತ್ತದೆ, ಇನ್ನೊಂದರಲ್ಲಿ ಮೇಲಕ್ಕೆ. ಎರಡು, ಪೆಟ್ಟು ಬೀಳುವುದು ಅಂಚಿಗೆ. ಬಿಲ್ಲೆ ಸ್ವಲ್ಪ ಜರುಗಿದರೂ ನಡುವಿನ ಬರಹ ಉಳಿಯುತ್ತದೆ, ಅಂಚಿನದು ಹೊರಗೆ ಹೋಗುತ್ತದೆ. ಟಂಕಸಾಲೆಯ ಹೆಸರು ಮತ್ತು ವರ್ಷ ಹೆಚ್ಚಾಗಿ ಇರುತ್ತಿದ್ದದ್ದು ಈ ಅಂಚಿನಲ್ಲೇ. ದೊರೆ ಯಾರು ಎಂಬುದು ಗೊತ್ತಾಗುತ್ತದೆ, ಎಲ್ಲಿ, ಯಾವಾಗ ಎಂಬುದು ಕೈತಪ್ಪುತ್ತದೆ.

ಇನ್ನು ವಿನ್ಯಾಸ. ಇಲ್ಯಾಸ್ ಶಾಹ, ಅವನ ಮಗ ಸಿಕಂದರ್ ಶಾಹ, ಮೊಮ್ಮಗ ಗಿಯಾಸುದ್ದೀನ್ ಆಜಂ ಶಾಹ ಈ ಮೂವರ ಟಂಕಗಳನ್ನು ಸಾಲಾಗಿಟ್ಟು ನೋಡಬೇಕು. ಹೊಳೆಯಾಚೆಯ ಇಂಡಿಯನ್ ಮ್ಯೂಸಿಯಮ್ಮಿನ ನಾಣ್ಯಸೂಚಿಯ ಎರಡನೆಯ ಸಂಪುಟ 1907ರಲ್ಲಿ ನೆಲ್ಸನ್ ರೈಟ್ ಸಿದ್ಧಪಡಿಸಿದ್ದು. ಡಾಕಾದ ನಳಿನೀಕಾಂತ ಭಟ್ಟಸಾಲಿ 1922ರಲ್ಲಿ ಬಂಗಾಳದ ಮೊದಲ ಸ್ವತಂತ್ರ ಸುಲ್ತಾನರ ನಾಣ್ಯ ಮತ್ತು ಕಾಲಾನುಕ್ರಮದ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ತಂದರು. ಇವು ಎದುರಿಗಿದ್ದರೆ ಸಾಕು. ಒಂದೊಂದೂ ಸುಮಾರು ಹತ್ತೂವರೆ, ಹತ್ತೂಮುಕ್ಕಾಲು ಗ್ರಾಂ ಬೆಳ್ಳಿ. ಚಿತ್ರವಿಲ್ಲ, ಮುಖವಿಲ್ಲ, ಬರೀ ಬರಹ. ಆದರೆ ಆ ಬರಹ ಕೂತಿರುವ ಮನೆ ಬದಲಾಗುತ್ತಾ ಹೋಗುತ್ತದೆ: ಇಲ್ಲಿ ವೃತ್ತ, ಅಲ್ಲಿ ಚೌಕ, ಮತ್ತೊಂದರಲ್ಲಿ ದಳದಳವಾಗಿ ಬಾಗಿದ ಹೂವಿನಂಥ ಚೌಕಟ್ಟು. ಸಿಕಂದರನ ಕಾಲದಲ್ಲಿ ಈ ಚೌಕಟ್ಟುಗಳ ವೈವಿಧ್ಯ ಎದ್ದು ಕಾಣುತ್ತದೆ. ಇದೇ ಸಿಕಂದರ್ ಪಾಂಡುವಾದಲ್ಲಿ ಆದಿನಾ ಮಸೀದಿ ಕಟ್ಟಿಸಿದವನು. ಅಲ್ಲಿನ ಕಲ್ಲಿನ ಕಮಾನುಗಳ ಬಾಗು ನೋಡಿದವರಿಗೆ ನಾಣ್ಯದ ಚೌಕಟ್ಟಿನ ಬಾಗು ಅಪರಿಚಿತ ಅನ್ನಿಸುವುದಿಲ್ಲ.

ಅರಬ್ಬಿ ಲಿಪಿಯ ಲಂಬ ಗೆರೆಗಳು ಎತ್ತರಕ್ಕೆ ಎದ್ದು ನಿಂತು, ಅವುಗಳ ಬುಡದಲ್ಲಿ ದುಂಡು ಅಕ್ಷರಗಳು ಒತ್ತೊತ್ತಾಗಿ ಸೇರಿಕೊಂಡಿರುತ್ತವೆ. ಬಂಗಾಳದ ಶಿಲಾಶಾಸನಗಳಲ್ಲಿ ಈ ಪ್ರವೃತ್ತಿ ಮುಂದೆ ಹೋಗಿ, 15ನೆಯ ಶತಮಾನದಲ್ಲಿ ಬಿಲ್ಲು-ಬಾಣದ ಶೈಲಿ ಎಂದು ಕರೆಯುವ ತುಗ್ರಾ ಬರಹವಾಗಿ ಅರಳಿತು. ಮೊದಮೊದಲ ಟಂಕಗಳಲ್ಲಿ ವರ್ಷವನ್ನೂ ಅಂಕಿಯಲ್ಲಿ ಕೊಡದೆ ಪದಗಳಲ್ಲೇ ಬರೆದಿದ್ದಾರೆ. ಓದಬೇಕಾದವರಿಗೆ ಇದು ಕಷ್ಟ, ನೋಡುವವರಿಗೆ ಹಬ್ಬ. "ಚಿತ್ರ ಬಿಡಿಸುವುದು ನಿಷಿದ್ಧವಾಗಿದ್ದರಿಂದ ಬರಹಕ್ಕೆ ಇಳಿದರು" ಎಂಬ ಸಿದ್ಧ ವಿವರಣೆಯನ್ನು ನಾನು ಒಪ್ಪುವುದಿಲ್ಲ. ಬಖ್ತಿಯಾರ್ ಖಿಲ್ಜಿ ಬಂಗಾಳ ಗೆದ್ದಾಗ ಮುಹಮ್ಮದ್ ಘೋರಿಯ ಹೆಸರಿನಲ್ಲಿ ಹೊರಬಂದ ಚಿನ್ನದ ನಾಣ್ಯದಲ್ಲಿ ಕುದುರೆ ಸವಾರನಿದ್ದಾನೆ, ಜೊತೆಗೆ ನಾಗರಿ ಲಿಪಿಯಲ್ಲಿ "ಗೌಡ ವಿಜಯೇ" ಎಂದಿದೆ. 15ನೆಯ ಶತಮಾನದ ಜಲಾಲುದ್ದೀನ್ ಮುಹಮ್ಮದ್ ಶಾಹನ ಒಂದು ಬಗೆಯ ಟಂಕದಲ್ಲಿ ಸಿಂಹವೇ ಇದೆ. ಬೇಕೆಂದಾಗ ಇವರು ಚಿತ್ರ ಹಾಕಿದ್ದಾರೆ. ಹಾಕದೇ ಇದ್ದಾಗ ಅದು ಕೊರತೆಯಲ್ಲ, ಆಯ್ಕೆ. ಆ ಆಯ್ಕೆಯನ್ನು ಆಯ್ಕೆಯೆಂದೇ ಬೆಲೆಕಟ್ಟಬೇಕು.

ಈ ನಾಣ್ಯ ಯಾರ ಕೈಗೆ ಹೋಗುತ್ತಿತ್ತು? ಬಂಗಾಳದ ರೈತನಿಗೆ, ದೋಣಿ ನಡೆಸುವವನಿಗೆ ದಿನದ ವ್ಯವಹಾರ ಕವಡೆಯಲ್ಲಿ. ಮಾಲ್ಡೀವ್ಸಿನಿಂದ ಕವಡೆ ಬಂಗಾಳಕ್ಕೆ ಬರುವುದನ್ನು, ಪ್ರತಿಯಾಗಿ ಅಕ್ಕಿ ಹೋಗುವುದನ್ನು ಇಬ್ನ್ ಬತೂತಾ 14ನೆಯ ಶತಮಾನದಲ್ಲೇ ಬರೆದಿದ್ದಾನೆ. 15ನೆಯ ಶತಮಾನದ ಚೀನೀ ಪ್ರವಾಸಿ ಮಾ ಹುವಾನ್ ಕೂಡ ಬಂಗಾಳದಲ್ಲಿ ದೊಡ್ಡ ವ್ಯಾಪಾರಕ್ಕೆ ಬೆಳ್ಳಿ ಟಂಕ, ಚಿಲ್ಲರೆಗೆ ಕವಡೆ ಎಂದು ಹೇಳುತ್ತಾನೆ. ಬೆಳ್ಳಿಯ ಗಣಿ ಬಂಗಾಳದಲ್ಲಿ ಇರಲಿಲ್ಲ. ಅದು ಹೊರಗಿನಿಂದ ಬರಬೇಕಿತ್ತು. ನಮ್ಮ ಕಡೆ ಲೆಕ್ಕ ತಲೆಕೆಳಗು. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್ ಕಂಡದ್ದು ಚಿನ್ನದ ವರಾಹ, ಪ್ರತಾಪ, ಪಣ. ಬೆಳ್ಳಿ ಇದ್ದದ್ದು ತಾರ ಎಂಬ ಪುಟ್ಟ ನಾಣ್ಯದಲ್ಲಿ, ಆರು ತಾರಕ್ಕೆ ಒಂದು ಪಣ. ಬಂಗಾಳದಲ್ಲಿ ಬೆಳ್ಳಿ ದೊಡ್ಡವರ ದುಡ್ಡು, ವಿಜಯನಗರದಲ್ಲಿ ಚಿಲ್ಲರೆ. ಹಾಗಾಗಿ ಟಂಕದ ಅಗಲವಾದ ಮೈಮೇಲೆ ಇಷ್ಟೊಂದು ಬರೆಯಲು ಜಾಗವಿತ್ತು. ನಮ್ಮ ಹೆಸರುಕಾಳಿನಷ್ಟು ಪಣದ ಮೇಲೆ ಒಂದೆರಡು ಗೆರೆಯಲ್ಲಿ ಎಲ್ಲ ಮುಗಿಸಬೇಕಿತ್ತು. ಇಲ್ಲಿ ವಿಸ್ತಾರದ ಕಲೆ, ಅಲ್ಲಿ ಸಂಕ್ಷೇಪದ ಕಲೆ. ಒಂದನ್ನು ಇನ್ನೊಂದರ ಅಳತೆಗೋಲಿನಿಂದ ಅಳೆಯಬಾರದು.

ಈಗ ಈ ಕೃತಿಗಳಲ್ಲಿ ಅತಿ ಹೆಚ್ಚು ಚರ್ಚೆಯಾದ ಒಂದಕ್ಕೆ ಬರುತ್ತೇನೆ. ಶಕ 1339 ಮತ್ತು 1340ರಲ್ಲಿ, ಅಂದರೆ 1417-18ರ ಸುಮಾರಿಗೆ, ಬಂಗಾಳದಲ್ಲಿ ದನುಜಮರ್ದನದೇವ ಎಂಬ ದೊರೆಯ ಟಂಕಗಳು ಕಾಣಿಸಿಕೊಳ್ಳುತ್ತವೆ. ಅರಬ್ಬಿ ಇಲ್ಲ. ಬಂಗಾಳಿ ಅಕ್ಷರ, ಸಂಸ್ಕೃತ ಭಾಷೆ. ಒಂದು ಬದಿಯಲ್ಲಿ ದೊರೆಯ ಹೆಸರು, ಇನ್ನೊಂದು ಬದಿಯಲ್ಲಿ "ಶ್ರೀ ಚಂಡೀಚರಣಪರಾಯಣ". ಜೊತೆಗೆ ಶಕವರ್ಷ, ಟಂಕಸಾಲೆಯ ಹೆಸರು: ಪಾಂಡುನಗರ, ಸುವರ್ಣಗ್ರಾಮ, ಚಾಟಿಗ್ರಾಮ. ಅವನ ಬೆನ್ನಿಗೇ ಶಕ 1340ರಲ್ಲಿ ಮಹೇಂದ್ರದೇವನ ಇಂಥದೇ ನಾಣ್ಯ. ಈ ದನುಜಮರ್ದನ ಬೇರೆ ಯಾರೂ ಅಲ್ಲ, ರಾಜಾ ಗಣೇಶನೇ ಎಂದು ಭಟ್ಟಸಾಲಿ ವಾದಿಸಿದರು. ಒಪ್ಪದವರೂ ಇದ್ದಾರೆ. ಗಣೇಶನ ಮಗ ಜದು ಇಸ್ಲಾಮಿಗೆ ಸೇರಿ ಜಲಾಲುದ್ದೀನ್ ಆದ. ಸಿಂಹದ ಟಂಕ ಹೊಡೆಸಿದವನು ಅವನೇ.

ಈ ನಾಣ್ಯವನ್ನು ಓದುವ ಜನಪ್ರಿಯ ಕ್ರಮ ನಿಮಗೆ ಗೊತ್ತಿರುವುದೇ. ನಮ್ಮ ಲಿಪಿ, ನಮ್ಮ ದೇವತೆ, ನಮ್ಮ ಶಕ. ಆದ್ದರಿಂದ ಇದು ನಮ್ಮ ನಾಣ್ಯ, ಉಳಿದವು ಅವರವು. ಕನ್ನಡಿಗರಾದ ನಮಗೂ ಈ ಓದು ಹೊಸದಲ್ಲ. ಹೊಯ್ಸಳ ವಿಷ್ಣುವರ್ಧನನ ಚಿನ್ನದ ಮೇಲೆ ಕನ್ನಡ ಅಕ್ಷರದಲ್ಲಿ "ಶ್ರೀ ತಳಕಾಡುಗೊಂಡ" ಎಂದು ಇರುವುದನ್ನು ನೋಡಿದಾಗ ನಮ್ಮ ಎದೆಯೂ ಒಂದಿಂಚು ಉಬ್ಬುತ್ತದೆ. ಉಬ್ಬಲಿ, ತಪ್ಪಿಲ್ಲ. ಆದರೆ ಅಷ್ಟಕ್ಕೇ ನಿಂತರೆ ಓದಿದ್ದು ಪದವನ್ನು ಮಾತ್ರ, ನಾಣ್ಯವನ್ನಲ್ಲ.

ದನುಜಮರ್ದನನ ಟಂಕವನ್ನು ಅಕ್ಷರ ಬಾರದವರಂತೆ, ಬರೀ ಆಕಾರವಾಗಿ ನೋಡಿ. ಅದೇ ಅಗಲ, ಸರಿಸುಮಾರು ಅದೇ ತೂಕ, ನಡುವೆ ಚೌಕಟ್ಟು, ಚೌಕಟ್ಟಿನೊಳಗೆ ಸಾಲಾಗಿ ಬರಹ, ಅಂಚಿಗೆ ಊರು ಮತ್ತು ವರ್ಷ. ಇದು ಸುಲ್ತಾನರ ಟಂಕದ ವ್ಯಾಕರಣವೇ. ಖಲೀಫನ ನಿಷ್ಠೆಯನ್ನು ಹೇಳುವ ಬಿರುದು ಕೂತಿದ್ದ ಜಾಗದಲ್ಲಿ ಚಂಡಿಯ ಪಾದದ ನಿಷ್ಠೆ ಕೂತಿದೆ. ಹಿಜರಿಯ ಜಾಗದಲ್ಲಿ ಶಕ. ಫಿರೋಜಾಬಾದ್ ಎಂದಿದ್ದ ಕಡೆ ಪಾಂಡುನಗರ. ಪದಗಳು ಬದಲಾದವು, ವಾಕ್ಯರಚನೆ ಹಾಗೇ ಉಳಿಯಿತು. ಇದು ಅನುಕರಣೆ ಎಂದು ಹೀಗಳೆಯುವುದೂ ಸರಿಯಲ್ಲ, ಪ್ರತಿಭಟನೆ ಎಂದು ಹಾಡಿಹೊಗಳುವುದೂ ಸರಿಯಲ್ಲ. ಹೊಸ ದೊರೆಗೆ ಗೊತ್ತಿದ್ದ ಒಂದು ವಿಷಯವಿತ್ತು: ಸೋನಾರ್‌ಗಾಂವಿನ ವ್ಯಾಪಾರಿ ಈ ಬಿಲ್ಲೆಯನ್ನು ಕೈಗೆ ತೆಗೆದುಕೊಂಡಾಗ ಹಳೆಯದರ ಜೊತೆ ಹೋಲಿಸಿಯೇ ನೋಡುತ್ತಾನೆ. ಆಕಾರ, ತೂಕ, ಸದ್ದು ಹಳೆಯದರಂತೆ ಇದ್ದರೆ ಮಾತ್ರ ಹೊಸ ಹೆಸರನ್ನು ಒಪ್ಪುತ್ತಾನೆ. ಹೊಸದನ್ನು ಹೇಳಲು ಹಳೆಯ ಛಂದಸ್ಸನ್ನು ಹಿಡಿದ ಕವಿಯ ಕೆಲಸವಿದು. ಮುಂದೆ ಶಕ 1386ರಲ್ಲಿ ತ್ರಿಪುರಾದ ರತ್ನಮಾಣಿಕ್ಯ ಬಂಗಾಳಿ ಅಕ್ಷರದಲ್ಲಿ ಬೆಳ್ಳಿ ನಾಣ್ಯ ತಂದಾಗಲೂ ಮಾದರಿ ಇದೇ ಟಂಕ. ಅಲ್ಲಿಯೂ ಸಿಂಹ. ಯಾವುದು ಯಾರದು ಎಂದು ಗೆರೆ ಎಳೆಯಲು ಹೋದರೆ ಗೆರೆ ಸಿಂಹದ ಬೆನ್ನ ಮೇಲೇ ಹಾದುಹೋಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಅಚ್ಚು ಕೊರೆದವನ, ದೊರೆಯ, ಟಂಕಸಾಲೆಯ ಕಥೆ. ನನ್ನ ನಿಜವಾದ ತಕರಾರು ಇರುವುದು ಮುಂದಿನದರಲ್ಲಿ. ಬಂಗಾಳದ ಟಂಕಗಳ ಚಿತ್ರಫಲಕಗಳನ್ನು ತಿರುಗಿಸುವಾಗ ಮೊದಲು ಕಣ್ಣಿಗೆ ಹೊಡೆಯುವುದು ಅಕ್ಷರವಲ್ಲ, ಗಾಯ. ಉಳಿಯಿಂದ ಹಾಕಿದ ಕಚ್ಚು, ಮೊಳೆಯಂಥ ಅಚ್ಚಿನಿಂದ ಒತ್ತಿದ ಗುಳಿ. ಕೆಲವದರಲ್ಲಿ ಒಂದೆರಡು, ಕೆಲವದರಲ್ಲಿ ಮೈತುಂಬ. ಇವು ಸರಾಫರ ಗುರುತುಗಳು. ನಮ್ಮಲ್ಲಿ ಚಿನಿವಾರ ಎನ್ನುವ, ಬಂಗಾಳದಲ್ಲಿ ಪೊದ್ದಾರ್ ಎನ್ನುವ ನಾಣ್ಯಪರೀಕ್ಷಕರು ಒಳಗೂ ಬೆಳ್ಳಿಯೇ ಇದೆಯೇ ಅಥವಾ ತಾಮ್ರಕ್ಕೆ ಬೆಳ್ಳಿಯ ಮುಲಾಮು ಮಾಡಿದ್ದಾರೆಯೇ ಎಂದು ನೋಡಲು ಹೀಗೆ ಕಚ್ಚು ಹಾಕುತ್ತಿದ್ದರು. ಪರೀಕ್ಷೆಯ ವಿದ್ಯೆ ಸಣ್ಣದೇನೂ ಆಗಿರಲಿಲ್ಲ. ದೆಹಲಿಯ ಟಂಕಸಾಲೆಯಲ್ಲಿದ್ದ ಠಕ್ಕುರ ಫೇರು ಎಂಬ ಜೈನ ವಿದ್ವಾಂಸ 1318ರಲ್ಲಿ "ದ್ರವ್ಯಪರೀಕ್ಷಾ" ಎಂಬ ಗ್ರಂಥವನ್ನೇ ಬರೆದ. ಯಾವ ನಾಡಿನ ಯಾವ ನಾಣ್ಯದಲ್ಲಿ ಎಷ್ಟು ಬೆಳ್ಳಿ, ಎಷ್ಟು ಚಿನ್ನ ಎಂಬ ಲೆಕ್ಕ ಅದರಲ್ಲಿದೆ. ನಾಣ್ಯಗಳ ಮೇಲೆ ಬಂದ ವಿಮರ್ಶಾಗ್ರಂಥ ಎಂದು ಅದನ್ನು ಕರೆದರೆ ಅತಿಶಯೋಕ್ತಿಯಾಗದು.

ಈ ಗುರುತುಗಳನ್ನು ನಾಣ್ಯಶಾಸ್ತ್ರಜ್ಞರು ಹೇಗೆ ನೋಡುತ್ತಾರೆ? ಹಾನಿ ಎಂದು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. 1863ರಲ್ಲಿ ಕೂಚ್ ಬಿಹಾರದಲ್ಲಿ 13,500 ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಅದನ್ನು ಆಧರಿಸಿ ಎಡ್ವರ್ಡ್ ಥಾಮಸ್ ಬಂಗಾಳದ ಆರಂಭದ ನಾಣ್ಯಪದ್ಧತಿಯ ಬಗ್ಗೆ ಬರೆದ. ಮುಂದೆ ಭಟ್ಟಸಾಲಿ ಯಾವ ಸುಲ್ತಾನ ಯಾವ ವರ್ಷ ಎಲ್ಲಿ ಆಳಿದ ಎಂಬುದನ್ನು ಇಂಥ ನಾಣ್ಯಗಳ ಅಂಚು ಓದಿ ಓದಿ ಕಟ್ಟಿದರು. ಆಸ್ಥಾನದ ಚರಿತ್ರೆಕಾರರು ಹೇಳದೆ ಬಿಟ್ಟದ್ದನ್ನು, ತಪ್ಪು ಹೇಳಿದ್ದನ್ನು ಬೆಳ್ಳಿಯ ಚೂರುಗಳಿಂದ ಸರಿಪಡಿಸುವ ಕೆಲಸವದು. ಅಂಥ ಓದುಗನಿಗೆ ವರ್ಷದ ಪದದ ಮೇಲೇ ಉಳಿ ಬಿದ್ದಿದ್ದರೆ ಎಷ್ಟು ಸಂಕಟ! ಸಂಗ್ರಾಹಕರ ಸಂಕಟ ಬೇರೆ ಬಗೆಯದು. ಅವರಿಗೆ ಗುರುತಿಲ್ಲದ ನಾಣ್ಯ ಬೇಕು, ಅದಕ್ಕೆ ಬೆಲೆ ಹೆಚ್ಚು. ಹೀಗೆ ಒಬ್ಬರಿಗೆ ಕಾಲಕ್ಕಾಗಿ, ಇನ್ನೊಬ್ಬರಿಗೆ ಚೆಂದಕ್ಕಾಗಿ, ಇಬ್ಬರಿಗೂ ಸರಾಫ ವೈರಿ.

ನನ್ನ ವಾದ ಇಷ್ಟೇ: ಸರಾಫನ ಗುರುತು ನಾಣ್ಯದ ಹೊರಗಿನದಲ್ಲ, ಅದು ಕೃತಿಯ ಭಾಗ. ಅಚ್ಚು ದೊರೆಯ ಮಾತು. "ಇದು ಬೆಳ್ಳಿ, ನನ್ನನ್ನು ನಂಬು" ಎಂದು ಅದು ಹೇಳುತ್ತದೆ. ಉಳಿ ಓದುಗನ ಮಾತು. "ನೋಡಿ ಹೇಳುತ್ತೇನೆ" ಎನ್ನುತ್ತದೆ. ನೋಡಿದ ಮೇಲೆ, ಕಚ್ಚಿನೊಳಗೂ ಬೆಳ್ಳಿಯೇ ಕಂಡ ಮೇಲೆ, ಆ ನಾಣ್ಯ ಮುಂದೆ ಹೋಗುತ್ತದೆ. ಹೊಸ ಊರಿನಲ್ಲಿ ಇನ್ನೊಬ್ಬ ಸರಾಫ ಮತ್ತೊಂದು ಕಚ್ಚು ಹಾಕುತ್ತಾನೆ. ಹೀಗೆ ಮೈಮೇಲೆ ಐದಾರು ಗುರುತು ಹೊತ್ತ ಟಂಕವೆಂದರೆ ಐದಾರು ಅಪನಂಬಿಕೆಗಳನ್ನು ದಾಟಿ ಬಂದದ್ದು. ಒಂದೂ ಗುರುತಿಲ್ಲದ್ದು ಹೊಡೆದ ಕೂಡಲೇ ಮಡಕೆಯಲ್ಲಿ ಹೂತು ಹೋದದ್ದೂ ಇರಬಹುದು. ನಾವು ಗಾಜಿನ ಹಿಂದೆ ಇಟ್ಟು ಮೆಚ್ಚುವುದು ಹೆಚ್ಚಾಗಿ ಈ ಎರಡನೆಯದನ್ನು: ಯಾರೂ ಓದದೆ ಉಳಿದ ಪ್ರತಿಯನ್ನು.

ಇದಕ್ಕೆ ಎದುರು ವಾದವೂ ಉಂಟು, ಅದು ಹಗುರವಾದದ್ದಲ್ಲ. ಉಳಿ ಹಾಕುವವನು ಅಕ್ಷರ ಓದುತ್ತಿರಲಿಲ್ಲ. ಅವನಿಗೆ ಸಿಕಂದರನ ಹೂಚೌಕಟ್ಟೂ ಒಂದೇ, ಖಾಲಿ ಬಿಲ್ಲೆಯೂ ಒಂದೇ. ಅವನು ನೋಡಿದ್ದು ಲೋಹವನ್ನು ಮಾತ್ರ. ಅತಿಯಾದ ಕಚ್ಚುಗಳಿಂದ ನಾಣ್ಯ ನಾಣ್ಯವಾಗಿ ಉಳಿಯದೆ ಬರೀ ಬೆಳ್ಳಿಯಾಗುತ್ತದೆ, ಕರಗಿಸುವ ಕುಲುಮೆಗೆ ಹೋಗುತ್ತದೆ. ಒಪ್ಪುತ್ತೇನೆ. ಬರೀ ಪರೀಕ್ಷಿಸುವ, ಎಂದೂ ಓದದ ಕಣ್ಣು ಕೃತಿಯನ್ನು ತಿಂದುಹಾಕುತ್ತದೆ. ಆದರೆ ಅದಕ್ಕೆ ಉತ್ತರ ಪರೀಕ್ಷೆಯನ್ನೇ ನಿಲ್ಲಿಸುವುದಲ್ಲ. ನಿಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡ ನಾಡಿನದೇ ಒಂದು ಕಥೆ ಇದೆ.

ಕಲಬುರಗಿಯಿಂದ ಆಳಿದ ಬಹಮನಿ ದೊರೆ ಒಂದನೆಯ ಮುಹಮ್ಮದ್ ಶಾಹ (1358-75) ಅಹ್ಸನಾಬಾದ್ ಎಂಬ ಹೆಸರಿನಲ್ಲಿ ಬೆಳ್ಳಿ ಟಂಕ ಹೊಡೆಸಿದ. ಅಹ್ಸನಾಬಾದ್ ಎಂದರೆ ಕಲಬುರಗಿಯೇ. ಆ ಟಂಕವೂ ಬಂಗಾಳದ ಟಂಕದ ಹತ್ತಿರದ ನೆಂಟ, ಸುಮಾರು 11 ಗ್ರಾಂ, ಮೈತುಂಬ ಅರಬ್ಬಿ ಬರಹ. ಎರಡು ಶತಮಾನದ ಮೇಲೆ ವಿಜಯಪುರದಲ್ಲಿ ಕೂತು ಬರೆದ ಫಿರಿಶ್ತಾ ಹೇಳುವ ಪ್ರಕಾರ, ದಖನ್ನಿನ ಸರಾಫರು ಈ ಹೊಸ ನಾಣ್ಯವನ್ನು ಸಿಕ್ಕಸಿಕ್ಕಲ್ಲಿ ಕರಗಿಸಿಬಿಡುತ್ತಿದ್ದರು. ಅವರಿಗೆ ವಿಜಯನಗರದ ಹೊನ್ನು, ಪ್ರತಾಪಗಳೇ ನಡೆಯಬೇಕಿತ್ತು. ಸುಲ್ತಾನ ಎಚ್ಚರಿಸಿದ, ಕೇಳಲಿಲ್ಲ. ಕೊನೆಗೆ ಅವರನ್ನೆಲ್ಲ ಕೊಲ್ಲಿಸಿ, ಉತ್ತರದಿಂದ ಬಂದು ನೆಲೆಸಿದ್ದ ಖತ್ರಿಗಳ ಕೈಗೆ ವೃತ್ತಿಯನ್ನು ಒಪ್ಪಿಸಿದನಂತೆ. ಫಿರಿಶ್ತಾನ ಪ್ರತಿ ಮಾತನ್ನೂ ಅಕ್ಷರಶಃ ನಂಬಬೇಕಿಲ್ಲ. ಆದರೆ ಕಥೆ ಎರಡೂ ಕಡೆಯ ತಪ್ಪನ್ನು ತೋರಿಸುತ್ತದೆ. ಸರಾಫರು ಬೆಳ್ಳಿಯನ್ನು ಪರೀಕ್ಷಿಸಲಿಲ್ಲ, ಹೆಸರನ್ನು ಪರೀಕ್ಷಿಸಿದರು. ಲೋಹ ಸಾಚಾ ಇದ್ದರೂ ಬರಹ ತಮ್ಮದಲ್ಲವೆಂದು ಕುಲುಮೆಗೆ ಹಾಕಿದರು. ಸುಲ್ತಾನ ವಾದಕ್ಕೆ ಉತ್ತರ ಕೊಡುವ ಬದಲು ವಾದಿಯನ್ನೇ ಮುಗಿಸಿದ. ಒಳಗಿನ ಸತ್ವ ನೋಡದೆ ಲಿಪಿ ನೋಡಿ ತೀರ್ಪು ಕೊಡುವ ವಿಮರ್ಶಕರು, ಒಂದು ಕಚ್ಚು ಬಿದ್ದರೂ ಸಹಿಸದ ಲೇಖಕರು ನಮ್ಮ ನಡುವೆ ಇಲ್ಲವೇ? ದನುಜಮರ್ದನನ ಟಂಕವನ್ನು ಲಿಪಿಗಾಗಿ ಮಾತ್ರ ಮೆಚ್ಚುವವರೂ, ಅಹ್ಸನಾಬಾದಿನ ಟಂಕವನ್ನು ಲಿಪಿಗಾಗಿ ಕರಗಿಸಿದವರೂ ಒಂದೇ ಅಂಗಡಿಯವರು.

ಬೆಳ್ಳಿಗೆ ಪರೀಕ್ಷೆ ಯಾಕೆ ಅಷ್ಟು ಬೇಕಿತ್ತು ಎಂಬುದನ್ನು ತಿಳಿಯಲು ಹೌರಾಕ್ಕೇ ಬರಬೇಕು. ವೆನಿಸ್ಸಿನ ವ್ಯಾಪಾರಿ ಚೆಸಾರೆ ಫೆಡೆರಿಚಿ 1563ರಿಂದ 1581ರವರೆಗೆ ಪೂರ್ವದೇಶಗಳಲ್ಲಿ ಅಲೆದವನು. ತಾಳೀಕೋಟೆ ಕಾಳಗ ಮುಗಿದ ಎರಡು ವರ್ಷಕ್ಕೆ, 1567ರಲ್ಲಿ, ಅವನು ವಿಜಯನಗರದಲ್ಲಿ ಏಳು ತಿಂಗಳು ಇದ್ದ. ಅಲ್ಲಿಂದ ಹಿಂದಿರುಗುವ ದಾರಿಯ ಬಗ್ಗೆ ಅವನದೊಂದು ದೂರು ಇದೆ: ದಿನಕ್ಕೊಬ್ಬ ನಾಯಕನ ಸೀಮೆ, ಪ್ರತಿಯೊಬ್ಬನದೂ ಬೇರೆ ತಾಮ್ರದ ನಾಣ್ಯ, ಇವತ್ತು ಪಡೆದ ದುಡ್ಡು ನಾಳೆಗೆ ನಡೆಯದು. ಇದೇ ಫೆಡೆರಿಚಿ ಹೂಗ್ಲಿ ನದಿಯಲ್ಲಿ ಸಾತ್‌ಗಾಂವಿಗೆ ಹೋಗುವಾಗ ಬೇತೋಡ್ ಎಂಬಲ್ಲಿ ಒಂದು ವಿಚಿತ್ರ ಪೇಟೆ ನೋಡಿದ. ದೊಡ್ಡ ಹಡಗುಗಳು ಅಲ್ಲಿಂದ ಮೇಲಕ್ಕೆ ಹೋಗಲಾರವು. ಅವು ಬಂದು ನಿಂತಾಗ ದಡದಲ್ಲಿ ಹುಲ್ಲಿನ ಅಂಗಡಿ, ಮನೆಗಳ ಒಂದು ಊರೇ ಏಳುತ್ತದೆ. ಹಡಗು ಹೊರಟ ಮೇಲೆ ಜನ ತಾವೇ ಅದಕ್ಕೆ ಬೆಂಕಿ ಇಟ್ಟು ಹೋಗುತ್ತಾರೆ. ಪ್ರತಿವರ್ಷ ಕಟ್ಟುವುದು, ಪ್ರತಿವರ್ಷ ಸುಡುವುದು. ಆ ಬೇತೋಡ್ ಇವತ್ತಿನ ಹೌರಾದ ಶಿಬ್‌ಪುರದ ಬಳಿ. ಬೇತಾಯಿತಲಾ ಎಂಬ ಜಾಗದ ಹೆಸರು, ಬೇತಾಯಿ ಚಂಡಿಯ ಗುಡಿ ಈಗಲೂ ಉಂಟು.

ಸಾತ್‌ಗಾಂವಿನಲ್ಲಿ ಸುಲ್ತಾನರ ಟಂಕಸಾಲೆ ಇತ್ತು. ಕೆಳಗೆ ಬೇತೋಡಿನ ದಡದಲ್ಲಿ ಯಾರಿಗೂ ಯಾರ ಪರಿಚಯವೂ ಇಲ್ಲ. ಬರುವ ವರ್ಷ ಈ ಅಂಗಡಿಯೇ ಇರುವುದಿಲ್ಲ. ಇಂಥ ಕಡೆ ದೊರೆಯ ಹೆಸರಿಗಿಂತ ಬೆಳ್ಳಿಯ ಒಳಮೈ ಮುಖ್ಯ. ಪರಿಚಯ ಇರುವಲ್ಲಿ ಮಾತು ಸಾಕು, ಅಪರಿಚಿತರ ನಡುವೆ ಪುರಾವೆ ಬೇಕು. ಊರು ಬಿಟ್ಟು ಬಂದ ನಮ್ಮಂಥವರಿಗೆ ಇದನ್ನು ವಿವರಿಸಬೇಕಿಲ್ಲ. ಮನೆ ಬಾಡಿಗೆಗೆ ಕೇಳುವಾಗ, ಹೊಸ ಕೆಲಸಕ್ಕೆ ಸೇರುವಾಗ ಊರಿನಲ್ಲಿ ಅಪ್ಪನ ಹೆಸರು ಹೇಳಿದರೆ ಮುಗಿಯುತ್ತಿದ್ದದ್ದು ಇಲ್ಲಿ ಮುಗಿಯುವುದಿಲ್ಲ. ಉಲ್ಟಾ ದಿಕ್ಕಿನಲ್ಲೂ ಅಷ್ಟೇ. ಹೌರಾ ಜಿಲ್ಲೆಯ ಡೋಮ್‌ಜುಡ್ ಕಡೆ ಚಿನ್ನಬೆಳ್ಳಿಯ ಕೆಲಸ ಮನೆಮನೆಯ ವಿದ್ಯೆ. ಬೆಂಗಳೂರಿನ ನಗರ್ತಪೇಟೆಯ ಕಿರುಗೋಣೆಗಳಲ್ಲಿ ಬಗ್ಗಿ ಕೂತು ಒಡವೆ ಮಾಡುವ ಬಂಗಾಳಿ ಕಾರಿಗರರನ್ನು ನೀವೂ ನೋಡಿರುತ್ತೀರಿ. ಅವರ ಕೆಲಸವನ್ನು ಅಲ್ಲಿನ ಚಿನಿವಾರ ಒರೆಗಲ್ಲಿಗೆ ಹಚ್ಚಿಯೇ ನೋಡುತ್ತಾನೆ. ಅದು ಅವಮಾನವಲ್ಲ, ಪ್ರವೇಶ.

ಸುತ್ತಿಗೆಯ ನಾಣ್ಯದ ಕಾಲ ಮುಗಿದದ್ದೂ ಈ ಹೊಳೆಯ ದಡದಲ್ಲೇ. ಈಸ್ಟ್ ಇಂಡಿಯಾ ಕಂಪನಿಗೆ ಸರಾಫರ ವಟ್ಟ ದೊಡ್ಡ ತಲೆನೋವಾಗಿತ್ತು. ಹೊಸ ರೂಪಾಯಿಗೆ ಪೂರ್ತಿ ಬೆಲೆ, ಒಂದೆರಡು ವರ್ಷ ಹಳತಾದರೆ ಕಡಿತ. ಅದನ್ನು ತಪ್ಪಿಸಲು ಕಂಪನಿ ಒಂದು ಉಪಾಯ ಮಾಡಿತು: ಯಾವ ವರ್ಷ ಹೊಡೆದರೂ ಸಿಕ್ಕಾ ರೂಪಾಯಿಯ ಮೇಲೆ ಷಾ ಆಲಮನ 19ನೆಯ ಆಳ್ವಿಕೆಯ ವರ್ಷವನ್ನೇ ಹಾಕಿಸಿತು. ನಾಣ್ಯಕ್ಕೆ ವಯಸ್ಸೇ ಆಗದಂತೆ ಮಾಡಲು ವರ್ಷದ ಜಾಗದಲ್ಲಿ ಒಂದು ಸುಳ್ಳು. ಆಮೇಲೆ 1829ರಲ್ಲಿ ಸ್ಟ್ರ್ಯಾಂಡ್ ರಸ್ತೆಯಲ್ಲಿ ಗ್ರೀಕ್ ಗುಡಿಯಂಥ ಕಂಬಗಳ ಹೊಸ ಟಂಕಸಾಲೆ ಉಗಿಯಂತ್ರದೊಂದಿಗೆ ಶುರುವಾಯಿತು. 1835ರಲ್ಲಿ ನಾಲ್ಕನೆಯ ವಿಲಿಯಮ್ಮನ ಮುಖ ಹೊತ್ತ, 180 ಗ್ರೇನ್ ತೂಕದ ರೂಪಾಯಿ ಬಂತು. ಒಂದರಂತೆ ಇನ್ನೊಂದು, ಅಂಚು ದುಂಡು, ಬರಹ ನಟ್ಟನಡುವೆ. ಕೈಕೆಲಸ ಬೆಚ್ಚಗೆ, ಯಂತ್ರ ನಿರ್ಜೀವ ಎಂದು ಹಲುಬುವ ಅಗತ್ಯವಿಲ್ಲ. ಬಡವನಿಗೆ ವಟ್ಟದ ಕಾಟ ಕಡಿಮೆಯಾದದ್ದು ಒಳ್ಳೆಯದೇ. ಆದರೆ ವಿನ್ಯಾಸದ ದೃಷ್ಟಿಯಿಂದ ಒಂದು ದೊಡ್ಡ ಬದಲಾವಣೆ ಆಯಿತು. ಟಂಕಕ್ಕೆ ಓದುಗ ಬೇಕಿತ್ತು. ಈ ಹೊಸ ರೂಪಾಯಿಯನ್ನು ಯಾರೂ ಪರೀಕ್ಷಿಸದೆ, ಯಾರೂ ಓದದೆ ದಾಟಿಸಲಿ ಎಂದೇ ರೂಪಿಸಲಾಗಿತ್ತು.

ಪರೀಕ್ಷೆಯ ಕಣ್ಣು ಮಾತ್ರ ಅಲ್ಲಿಯೂ ಉಳಿದಿತ್ತು, ಟಂಕಸಾಲೆಯ ಒಳಗೆ. 1832ರಿಂದ ಅಲ್ಲಿ ಲೋಹಪರೀಕ್ಷೆಯ ಮುಖ್ಯಾಧಿಕಾರಿ ಜೇಮ್ಸ್ ಪ್ರಿನ್ಸೆಪ್. ವೃತ್ತಿಯಿಂದ ಅವನು ಸರಾಫನೇ. ಹಗಲು ಬೆಳ್ಳಿಯ ಶುದ್ಧಿ ನೋಡುತ್ತಿದ್ದ ಅವನು ಹಳೆಯ ನಾಣ್ಯಗಳ ಅಕ್ಷರಗಳಿಗೂ ಅದೇ ತಾಳ್ಮೆ ತೋರಿಸಿದ. 1837ರಲ್ಲಿ ಬ್ರಾಹ್ಮಿಯನ್ನು ಓದಿದ. ಆ ಓದಿನಿಂದ ದೇಶದ ಉದ್ದಗಲದ ಬಂಡೆಗಳು ಮಾತಾಡತೊಡಗಿದವು. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂಬುದಕ್ಕೆ ಗಟ್ಟಿ ಸಾಕ್ಷಿ 1915ರಲ್ಲಿ ನಮ್ಮ ರಾಯಚೂರಿನ ಮಸ್ಕಿಯಲ್ಲಿ ಸಿಕ್ಕಿತು. ಸರಾಫ ಲೋಹವನ್ನಷ್ಟೇ ನೋಡುತ್ತಾನೆ, ಅಕ್ಷರವನ್ನು ನೋಡುವುದಿಲ್ಲ ಎಂಬ ಮೇಲಿನ ಆಕ್ಷೇಪಕ್ಕೆ ಪ್ರಿನ್ಸೆಪ್‌ಗಿಂತ ದೊಡ್ಡ ಉತ್ತರ ನನಗೆ ಬೇಕಿಲ್ಲ. ಎರಡೂ ಒಬ್ಬನ ಕೈಯಲ್ಲೇ ಸಾಧ್ಯ.

ಕನ್ನಡದಲ್ಲಿ ಹಳಸಿದ ಮಾತಿಗೆ "ಸವಕಲು" ಎನ್ನುತ್ತೇವೆ. ನಾಣ್ಯದಿಂದ ಬಂದ ಬೈಗುಳವಿದು: ಕೈಯಿಂದ ಕೈಗೆ ದಾಟಿ ಅಕ್ಷರ ಅಳಿಸಿಹೋದದ್ದು. ಸವೆತ ಬೇರೆ, ಕಚ್ಚು ಬೇರೆ ಎಂಬುದನ್ನು ಮರೆಯಬಾರದು. ನೋಡದೆ ದಾಟಿಸಿದ್ದರಿಂದ ನಾಣ್ಯ ಸವೆಯುತ್ತದೆ, ನಿಲ್ಲಿಸಿ ನೋಡಿದ್ದರಿಂದ ಕಚ್ಚು ಬೀಳುತ್ತದೆ. ನಮ್ಮ ಪುಸ್ತಕ ಬಿಡುಗಡೆಗಳಲ್ಲಿ, ನಮ್ಮ ಮಿಂಚಂಚೆ ಪತ್ರಿಕೆಗಳಲ್ಲಿ, ಇದರಲ್ಲೂ ಸೇರಿ, ನಾವು ಒಬ್ಬರನ್ನೊಬ್ಬರು ಹೊಗಳಿ ದಾಟಿಸುವುದು ಹೆಚ್ಚು. ಪರಊರಿನಲ್ಲಿ ಕನ್ನಡ ಬರೆಯುವವರೇ ಕಡಿಮೆ, ಇರುವವರನ್ನು ನೋಯಿಸುವುದೇಕೆ ಎಂಬ ಸದ್ಭಾವನೆ ಅದರ ಹಿಂದಿದೆ. ಆದರೆ ಹಾಗೆ ದಾಟಿದ ಬರಹ ಸವೆಯುತ್ತದೆಯೇ ಹೊರತು ದೂರ ಹೋಗುವುದಿಲ್ಲ.

ಮುಂದಿನ ಸಲ ಯಾವುದಾದರೂ ಮ್ಯೂಸಿಯಮ್ಮಿನಲ್ಲಿ, ಕಲಬುರಗಿಯಲ್ಲೋ ಕೋಲ್ಕತ್ತದಲ್ಲೋ, ಬೆಳ್ಳಿ ಟಂಕಗಳ ಸಾಲಿನ ಮುಂದೆ ನಿಂತರೆ, ಥಳಥಳಿಸುವ ಪ್ರತಿಯನ್ನು ನೋಡಿ ಮುಗಿಸಬೇಡಿ. ಅದರ ಪಕ್ಕದಲ್ಲಿ, ಅಂಚು ತಪ್ಪಿದ, ವರ್ಷ ಅರ್ಧ ಹೋದ, ಮೈಮೇಲೆ ನಾಲ್ಕಾರು ಕಚ್ಚು ಬಿದ್ದ ಒಂದು ಇರುತ್ತದೆ. ಮೊದಲು ಚೌಕಟ್ಟು ನೋಡಿ, ಆಮೇಲೆ ಅಕ್ಷರ, ಕೊನೆಗೆ ಕಚ್ಚು. ಕಚ್ಚಿನ ಒಳಗಿನ ಬಣ್ಣವನ್ನು ಗಮನಿಸಿ. ಅಲ್ಲಿಯೂ ಬೆಳ್ಳಿಯೇ ಇದ್ದರೆ, ಅಚ್ಚು ಕೊರೆದವನೂ ಉಳಿ ಹಾಕಿದವನೂ ತಂತಮ್ಮ ಕೆಲಸ ಸರಿಯಾಗಿ ಮಾಡಿದ್ದಾರೆ.